ಇಪ್ಪತ್ತು ನಿಮಿಷ ಇಳಿಸಬೇಡ

ನನ್ನ ಶೆಡ್ಡಿನ ತಗಡಿನ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ ಬರೆದಿದೆ: ಇಪ್ಪತ್ತು ನಿಮಿಷ ಇಳಿಸಬೇಡ. ಯಾರು ಕೇಳಿದರೂ ಇಳಿಸಬೇಡ. ಬರೆದವನು ನಾನೇ. ಹೊಸ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವಾಗ ಜನ ಏನೇನು ತರಲೆ ಮಾಡುತ್ತಾರೆಂದು ಮೂವತ್ತು ವರ್ಷ ನೋಡಿ, ರೋಸಿಹೋಗಿ ಬರೆದದ್ದು. ಆ ಗೋಡೆಯ ಬುಡದಲ್ಲೇ ನಿಂತು ಆ ಮಾತನ್ನು ಮುರಿದವನೂ ನಾನೇ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಗ್ಲೆನಿಸ್ ಈಗಾಗಲೇ ಊರಿಗೆಲ್ಲ ಸಾರಿಯಾಗಿದೆ.

ಕ್ಯಾಮ್ ಎಂದರೆ ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಉದ್ದನೆಯ ಸರಳು. ಅದರ ಮೇಲೆ ಹದಿನಾರು ಉಬ್ಬುಗಳು, ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ಎತ್ತಿ ತೆರೆಯುತ್ತದೆ. ಕಾರಿನ ಜೊತೆ ಬರುವ ಕ್ಯಾಮ್ ಸಾಧು ಪ್ರಾಣಿ. ಹೊಗೆ ಹೋಗುವ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಮೇಲೇ ಗಾಳಿ ಬರುವ ಬಾಗಿಲನ್ನು ತೆರೆಯುತ್ತದೆ. ನಾವು ಹಾಕುವ ಕ್ಯಾಮಿನ ಉಬ್ಬು ದೊಡ್ಡದು, ಎರಡು ಬಾಗಿಲೂ ತುಸು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಜೋರಾಗಿ ಓಡುವಾಗ ಅದರಿಂದ ಲಾಭವೇ, ಎಂಜಿನ್ ಎದೆತುಂಬ ಉಸಿರು ಎಳೆಯುತ್ತದೆ. ಆದರೆ ಕಾರು ನಿಂತು ಎಂಜಿನ್ ನಿಧಾನಕ್ಕೆ ತಿರುಗುವಾಗ, ಹೊರಗೆ ಹೋಗಬೇಕಾದ ಹೊಗೆ ವಾಪಸ್ಸು ಒಳಕ್ಕೇ ನುಗ್ಗುತ್ತದೆ. ಒಂದು ಸಿಲಿಂಡರ್ ಚೆನ್ನಾಗಿ ಉರಿದರೆ ಇನ್ನೊಂದು ಅರೆಬರೆ ಉರಿಯುತ್ತದೆ. ಹಾಗಾಗಿ ಐಡ್ಲಿಂಗ್ ಕುಂಟುತ್ತದೆ: ಡಬ್... ಡಬಡಬ್... ಡಬ್. ಕಾರಿನ ಮೈಯೆಲ್ಲ ಅಲ್ಲಾಡುತ್ತದೆ. ಬೇರೆ ಕಡೆ ಇದನ್ನು ರಿಪೇರಿಗೆ ಒಯ್ಯುತ್ತಾರೇನೋ ಗೊತ್ತಿಲ್ಲ. ಅಡಿಲೇಡಿನ ಉತ್ತರಕ್ಕಿರುವ ನಮ್ಮ ಬಡಾವಣೆಗಳಲ್ಲಿ ಇದನ್ನು ಕೇಳುವುದಕ್ಕೆಂದೇ ಜನ ಬಿಯರ್ ಹಿಡಿದು ಬರುತ್ತಾರೆ.

ಆದರೆ ಮೊದಲ ದಿನ ಕೇಳಬಾರದು. ಉಬ್ಬುಗಳೂ ಅವುಗಳ ಮೇಲೆ ಕೂರುವ ಟ್ಯಾಪೆಟ್‌ಗಳೂ ಆಗಿನ್ನೂ ಒಂದಕ್ಕೊಂದು ಒಗ್ಗಿರುವುದಿಲ್ಲ. ಕೆಳಗಿನ ಕ್ರ್ಯಾಂಕ್ ಜೋರಾಗಿ ತಿರುಗಿ ಎಣ್ಣೆ ಎರಚಿದರೆ ಮಾತ್ರ ಅವು ನೆನೆಯುತ್ತವೆ. ಅದಕ್ಕೆ ಕೀಲಿ ತಿರುಗಿಸಿದ ತಕ್ಷಣ ನಿಮಿಷಕ್ಕೆ ಎರಡು ಸಾವಿರದ ಮುನ್ನೂರು ಸುತ್ತಿಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಹಿಡಿದಿರಬೇಕು. ಏನಾದರೂ ಎಡವಟ್ಟಾದರೆ ಎಂಜಿನ್ ಆಫ್ ಮಾಡಬಹುದು, ಸ್ಲೋಗೆ ಮಾತ್ರ ಇಳಿಸಬಾರದು. ಇಳಿಸಿದರೆ ಒಣ ಉಬ್ಬನ್ನು ಟ್ಯಾಪೆಟ್ ತುರಿದು ಹಾಕುತ್ತದೆ. ನಮ್ಮ ಕಡೆ ಮೊದಲ ಚಾಲೂ ಎಂದರೆ ನೆಂಟರಿಷ್ಟರೆಲ್ಲ ಸೇರುವ ಸಮಾರಂಭ, ಎರಡು ನಿಮಿಷ ಆಗುವಷ್ಟರಲ್ಲಿ ಅವರೆಲ್ಲ ಶುರುಮಾಡುತ್ತಾರೆ, ‘ಇಳಿಸೋ, ಒಂದ್ಸಲ ಕೇಳಣ’ ಎಂದು. ಇಳಿಸಿ ಕ್ಯಾಮ್ ಹಾಳು ಮಾಡಿಕೊಂಡವರನ್ನು ನಾನು ಮುಖದ ಮೇಲೇ ಕತ್ತೆಗಳೆಂದು ಬೈದಿದ್ದೇನೆ.

ಗ್ಲೆನಿಸ್ ಪ್ಯಾಸ್ಕೋ ನನ್ನ ಹಿತ್ತಲ ಬೇಲಿಯಾಚೆಯ ಮನೆಯವಳು. ಅರವತ್ನಾಲ್ಕು ವರ್ಷ. ಕಾರು ಕಾರ್ಖಾನೆಯಲ್ಲಿ ನಾನು ಯಂತ್ರ ರಿಪೇರಿಯವನು, ಅವಳು ಬಾಗಿಲು ಒತ್ತುವ ಪ್ರೆಸ್ಸಿನಲ್ಲಿದ್ದಳು. ಎಡಗಿವಿ ಚಿಕ್ಕಂದಿನಲ್ಲೇ ಮಂಗನಬಾವು ಬಂದು ಹೋಗಿತ್ತು. ಅವಳಮ್ಮನಿಗೂ ಐವತ್ತಕ್ಕೇ ಕಿವುಡು ಬಂದಿತ್ತಂತೆ, ಸಾಲದ್ದಕ್ಕೆ ಇವಳು ಹರಟೆ ಕೇಳಿಸುವುದಿಲ್ಲವೆಂದು ಕಿವಿಯ ಬಿರಡೆ ಕಿತ್ತು ಜೇಬಿಗೆ ಹಾಕಿಕೊಂಡು ಕೆಲಸ ಮಾಡಿದವಳು. ಬಲಗಿವಿಯಿಂದ ಮೊದಲು ಹೋದದ್ದು ಸಣ್ಣ ಸದ್ದುಗಳು: ಹಕ್ಕಿ, ಟೆಲಿಫೋನು, ಆಮೇಲೆ ಮನುಷ್ಯರ ಮಾತು. ಉಳಿದದ್ದು ದಪ್ಪ ಸದ್ದು ಮಾತ್ರ, ಗುಡುಗು, ಲಾರಿ, ಎಂಜಿನ್. ಮಾತನ್ನು ಅವಳು ತುಟಿ ನೋಡಿ ತಿಳಿಯುತ್ತಿದ್ದಳು. ಆ ಲೆಕ್ಕದಲ್ಲಿ ನಾನು ನಲವತ್ತು ವರ್ಷ ಸಾಕಿದ ಮೀಸೆ ಅವಳ ಕಣ್ಣು ಕುಕ್ಕಿತು.

“ಆ ಪೊದೆ ಬೋಳಿಸ್ಕೊಂಡು ಬಾ, ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರು” ಅಂದಳು.

ಬೋಳಿಸಿಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿದಳು. “ಅಯ್ಯೋ, ಪೊದೆನೇ ವಾಸಿ ಇತ್ತಲ್ಲೋ.”

ಕಾರ್ಖಾನೆ ಮುಚ್ಚಿದ ವರ್ಷ ಅವಳು ಒಂದು ಹಳೇ ಕಾರು ತಂದಳು. ಸಾಸಿವೆ ಬಣ್ಣದ, ಎಪ್ಪತ್ತನಾಲ್ಕರ ಮಾಡೆಲ್ಲು. ಅದರ ನಾಲ್ಕು ಬಾಗಿಲೂ ತಾನು ಕೆಲಸಕ್ಕೆ ಸೇರಿದ ವರ್ಷ ತನ್ನ ಪ್ರೆಸ್ಸಿನಿಂದಲೇ ಬಂದವು ಎಂದು ಅವಳ ವಾದ, ಸುಳ್ಳೆಂದು ಹೇಳುವ ಧೈರ್ಯ ನನಗಿರಲಿಲ್ಲ. ಎಂಟು ಸಿಲಿಂಡರಿನ ಎಂಜಿನ್ನನ್ನು ನನ್ನ ಶೆಡ್ಡಿನಲ್ಲಿ, ನನ್ನ ಸ್ಟ್ಯಾಂಡಿನ ಮೇಲೆ, ತನ್ನ ಕೈಯಾರೆ ಕಟ್ಟಿದಳು. ಒಂದು ಬೋಲ್ಟೂ ನಾನು ಮುಟ್ಟುವಂತಿರಲಿಲ್ಲ. ನನ್ನದು ಬೈಯುವ ಕೆಲಸ ಮಾತ್ರ. ಹಾಗೆ ಆರು ವರ್ಷ ಹೋಯಿತು.

ಆ ಡಿಸೆಂಬರಿನಲ್ಲಿ ಆಸ್ಪತ್ರೆಯಿಂದ ಕಾಗದ ಬಂತು. ಕಿವಿಯೊಳಕ್ಕೆ ತಂತಿ ಇಳಿಸಿ, ಕಿವಿಯ ಹಿಂದೆ ಒಂದು ಯಂತ್ರ ಇಟ್ಟು ಮಾತು ಕೇಳಿಸುವ ಹಾಗೆ ಮಾಡುವ ಆಪರೇಷನ್ನಿಗೆ ಅವಳು ಒಂದೂವರೆ ವರ್ಷ ಸರತಿಯಲ್ಲಿ ಕಾದಿದ್ದಳು. ಫೆಬ್ರುವರಿಯ ಮೂರನೇ ಮಂಗಳವಾರ ಅವಳ ದಿನ, ತಪ್ಪಿಸಿದರೆ ಮತ್ತೆ ಸರತಿಯ ಬಾಲಕ್ಕೆ. ಎಡಗಿವಿ ಸತ್ತು ಬಹಳ ಕಾಲವಾದ್ದರಿಂದ ಆಪರೇಷನ್ ಬಲಗಿವಿಗೇ ಆಗಬೇಕಿತ್ತು. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಮಾತು ಕೇಳಿಸುವ ಸಾಧ್ಯತೆ ಚೆನ್ನಾಗಿದೆ, ಆದರೆ ಈಗ ಉಳಿದಿರುವ ದಪ್ಪ ಸದ್ದು ಬಹುಶಃ ಹೋಗಿಬಿಡುತ್ತದೆ, ಆಮೇಲೆ ಎಲ್ಲವೂ ಯಂತ್ರದ ಮೂಲಕವೇ ಬರುತ್ತದೆ, ಅದು ಬೇರೆಯೇ ಥರ ಇರುತ್ತದೆ ಎಂದು ಬಿಡಿಸಿ ಹೇಳಿದ್ದರು.

ಗ್ಲೆನಿಸ್ ನನ್ನ ಶೆಡ್ಡಿಗೆ ಬಂದು ಡಬ್ಬದ ಮೇಲೆ ಕೂತಳು. ಜೊತೆಗೆ ಮಗಳು ಟ್ಯಾಮ್ಸಿನ್. ಸ್ಕೂಲ್ ಬಸ್ ಓಡಿಸುವ, ಅಮ್ಮನಷ್ಟೇ ಗಟ್ಟಿಗಿತ್ತಿ ಮಗಳು.

“ಮೊಮ್ಮಗಳಿಗೆ ನಾಲ್ಕು ವರ್ಷ ಆಯ್ತು, ಅವಳ ಒಂದು ಮಾತೂ ನನಗೆ ಗೊತ್ತಿಲ್ಲ. ಅದಕ್ಕೆ ಹೋಗ್ತೀನಿ” ಅಂದಳು ಗ್ಲೆನಿಸ್. “ಆದ್ರೆ ಅದಕ್ಕೆ ಮುಂಚೆ ನನ್ನ ಎಂಜಿನ್ ಐಡ್ಲಿಂಗು ನನ್ನ ಕಿವೀಲೇ ಕೇಳ್ಬೇಕು. ಒಂದೇ ಸಲ ಸಾಕು. ಸರಿಯಾಗಿ.”

“ಅಮ್ಮಾ, ಈ ಬೀದೀಲಿ ಇಂಥ ಕಾರು ಹತ್ತಿವೆ” ಅಂದಳು ಟ್ಯಾಮ್ಸಿನ್, ಅಮ್ಮನ ಎದುರಿಗೆ ಬಗ್ಗಿ. “ಯಾವ್ದಾದ್ರೂ ಒಂದು ಕೇಳಿದ್ರೆ ಆಗಲ್ವಾ?”

“ನೀನು ಹುಟ್ಟಿದ ದಿನ ಪಕ್ಕದ ಮಂಚದ ಮಗೂನೂ ಅಳ್ತಿತ್ತು. ಅದನ್ನ ಕೇಳಿಸ್ಕೊಂಡು ಮನೆಗೆ ಹೋದ್ನಾ ನಾನು?”

ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮೊದಲ ಚಾಲೂ ಒಂದು ಶನಿವಾರ ಬೆಳಗ್ಗೆ. ಆಪರೇಷನ್ನಿಗೆ ಹತ್ತು ದಿನ ಇತ್ತು. ಕಾರ್ಖಾನೆಯ ಹಳಬರು ಹದಿನೈದು ಇಪ್ಪತ್ತು ಮಂದಿ ಮಡಚುವ ಕುರ್ಚಿ, ಐಸ್ ಡಬ್ಬ ಹೊತ್ತುಕೊಂಡು ಬಂದರು. ಗ್ಲೆನಿಸ್ ಎರಡು ತಟ್ಟೆ ಪೇಸ್ಟಿ ಮಾಡಿದ್ದಳು, ಮೈದಾ ಹಿಟ್ಟಿನ ಹಾಳೆಯಲ್ಲಿ ಆಲೂಗಡ್ಡೆ, ಗೋಮಾಂಸ, ಟರ್ನಿಪ್ ತುಂಬಿ ಅಂಚನ್ನು ಹಗ್ಗದ ಹಾಗೆ ಹೆಣೆದದ್ದು. ಅವಳಜ್ಜಿ ತಾಮ್ರದ ಗಣಿಯವರ ಮನೆಯವಳು, ಪೇಸ್ಟಿ ಅವರ ಬುತ್ತಿ, ಅದಕ್ಕೆ ಕ್ಯಾರೆಟ್ ಹಾಕಿದವರ ಜೊತೆ ಗ್ಲೆನಿಸ್ ಮಾತು ಬಿಡುತ್ತಾಳೆ.

ಕಾರ್ಬುರೇಟರಿನ ಮೇಲೆ ಕೈಯಿಟ್ಟು ರೇಸ್ ಹಿಡಿಯುವ ಕೆಲಸ ನನ್ನದು. ಅವಳು ಕೀಲಿ ತಿರುಗಿಸಿದಳು, ಎರಡನೇ ಸುತ್ತಿಗೇ ಹತ್ತಿಕೊಂಡಿತು. ಎರಡು ಸಾವಿರದ ಮುನ್ನೂರಕ್ಕೆ ಏರಿಸಿ ಹಿಡಿದೆ. ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಅದರಲ್ಲಿ ಕುಂಟೂ ಇಲ್ಲ, ಗತ್ತೂ ಇಲ್ಲ. ಎರಡು ನಿಮಿಷಕ್ಕೆ ಹಿಂದಿನಿಂದ ಶುರುವಾಯಿತು.

“ಕ್ಲೈವ್, ಇಳಿಸೋ ಮಾರಾಯ!”

“ಗೋಡೆ ಓದ್ರೋ, ಅಕ್ಷರ ಬರುತ್ತೆ ತಾನೇ?” ಅಂದೆ ನಾನು.

ಗ್ಲೆನಿಸ್ ಬಂದು ಮುಂದಿನ ಚಕ್ರದ ಮೇಲಿನ ತಗಡಿಗೆ ಅಂಗೈ ಒತ್ತಿ, ಬಲಗಿವಿಯನ್ನು ಎಂಜಿನ್ನಿನ ಕಡೆ ಮಾಡಿ ನಿಂತಳು. ಏನೂ ಕೇಳಲಿಲ್ಲ. ನಿಯಮ ಅವಳಿಗೆ ನನ್ನಷ್ಟೇ ಗೊತ್ತು. ಸುಮ್ಮನೆ ಕಣ್ಣು ಮುಚ್ಚಿ, ಮಗು ಬಾಗಿಲು ಕಾಯುವ ಹಾಗೆ ಕಾಯುತ್ತ ನಿಂತಿದ್ದಳು. ಏಳನೇ ನಿಮಿಷದಲ್ಲಿ ನಾನು ಆ ಮುಖ ನೋಡಿದೆ. ಹತ್ತು ದಿನ ಕಳೆದರೆ ಈ ಕಿವಿ ಇರುವುದಿಲ್ಲ ಅನ್ನಿಸಿತು. ನಡುವೆ ಏನಾದರೂ ಆಗಿ ಕಾರು ಮತ್ತೆ ಚಾಲೂ ಆಗದೇ ಹೋದರೆ ಅನ್ನಿಸಿತು. ಒಂದರ್ಧ ನಿಮಿಷ, ಏನು ಮಹಾ ಆಗುತ್ತೆ ಅನ್ನಿಸಿತು. ಮೂವತ್ತು ವರ್ಷ ನಾನು ಬೈದ ಅಷ್ಟೂ ಕತ್ತೆಗಳಿಗೆ ಅನ್ನಿಸಿದ್ದು ಇದೇ ಇರಬೇಕು.

ಇಳಿಸಿದೆ.

ಡಬ್... ಡಬಡಬ್... ಡಬ್. ಜನ ಹೋ ಎಂದು ಕೂಗಿದರು, ಯಾರೋ ಡಬ್ಬ ಬಡಿದರು. ಗ್ಲೆನಿಸ್ ಥಟ್ಟನೆ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಸಂತೋಷ ಇತ್ತು, ಅದಕ್ಕಿಂತ ಹೆಚ್ಚಾಗಿ ಗಾಬರಿ ಇತ್ತು. ನಲವತ್ತು ಸೆಕೆಂಡು ಬಿಟ್ಟು ಮತ್ತೆ ಏರಿಸಿದೆ.

ಹನ್ನೊಂದನೇ ನಿಮಿಷಕ್ಕೆ ಆ ಸದ್ದು ಕೇಳಿಸಿತು. ಗುಂಯ್ ಎನ್ನುವುದರ ಒಳಗಿಂದ ಸಣ್ಣಗೆ ಟಿಕ್, ಟಿಕ್, ಟಿಕ್. ಸ್ವಲ್ಪ ಹೊತ್ತಿಗೆ ಕಾರ್ಬುರೇಟರ್ ಒಮ್ಮೆ ಸೀನಿತು. ಆಫ್ ಮಾಡಿ “ಸಾಕು, ಬಿಸಿ ಜಾಸ್ತಿ ಆಯ್ತು” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿ ಪೇಸ್ಟಿಯ ಕಡೆ ನಡೆದರು. ಯಾರಿಗೂ ಗೊತ್ತಾಗಿರಲಿಲ್ಲ. ಗ್ಲೆನಿಸ್‌ಗಂತೂ ಆ ಸಣ್ಣ ಸದ್ದು ಕೇಳಿಸುವ ಸಾಧ್ಯತೆಯೇ ಇರಲಿಲ್ಲ.

ಅವರೆಲ್ಲ ತಿನ್ನುತ್ತಿದ್ದಾಗ ನಾನು ಒಬ್ಬನೇ ಮುಚ್ಚಳ ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ವಾಲ್ವುಗಳನ್ನು ಒತ್ತುವ ಹದಿನಾರು ರಾಕರುಗಳಲ್ಲಿ ಹದಿನೈದು ಚೆನ್ನಾಗಿ ಕುಣಿಯುತ್ತಿದ್ದವು. ಒಂದು ಅರ್ಧ ಎತ್ತಿ ಸುಮ್ಮನಾಗುತ್ತಿತ್ತು. ಅದರ ಕೆಳಗಿನ ಉಬ್ಬು ಸವೆದು ಹೋಗಿತ್ತು.

ಆಗ ನನ್ನ ಮನಸ್ಸಿಗೆ ಬಂದದ್ದನ್ನೂ ಹೇಳಿಬಿಡುತ್ತೇನೆ. ಉಬ್ಬು ಸವೆದದ್ದನ್ನು ನಾನು ಹೇಳದೇ ಇದ್ದರೆ ಗ್ಲೆನಿಸ್‌ಗೆ ಗೊತ್ತಾಗುವುದಿಲ್ಲ. ಆಪರೇಷನ್ನಿನ ಹಿಂದಿನ ದಿನದವರೆಗೆ ಕಾರು ಹೇಗೋ ಓಡುತ್ತದೆ, ಕುಂಟುತ್ತದೆ, ಡಬಡಬ ಎನ್ನುತ್ತದೆ. ಅವಳು ಕೇಳಿ ಖುಷಿಯಾಗಿ ಆಸ್ಪತ್ರೆಗೆ ಹೋಗುತ್ತಾಳೆ. ಆಮೇಲೆ ನಿಧಾನಕ್ಕೆ ಸರಿಮಾಡಿದರಾಯಿತು. ಹೀಗೆ ಯೋಚಿಸುತ್ತ ಒಂದು ಪೇಸ್ಟಿ ಕೈಗೆತ್ತಿಕೊಂಡೆ, ಎರಡನೇ ತುತ್ತಿಗೆ ತಟ್ಟೆಗೆ ವಾಪಸ್ಸಿಟ್ಟೆ. ಗ್ಲೆನಿಸ್ ತಟ್ಟೆಯಲ್ಲಿ ಉಳಿದ ಆ ತುಂಡನ್ನೇ ನೋಡುತ್ತಿದ್ದಳು. ನನ್ನ ಕೈಗೆ ಸಿಕ್ಕಿದ ಪೇಸ್ಟಿ ಅರ್ಧಕ್ಕೆ ಉಳಿದದ್ದು ಅವಳು ಯಾವತ್ತೂ ಕಂಡಿರಲಿಲ್ಲ.

ಜನ ಹೋದ ಮೇಲೆ ಕರೆದು ತೋರಿಸಿದೆ. ರಾಕರ್ ತೋರಿಸಿದೆ, ಆಮೇಲೆ ಎಣ್ಣೆ ಫಿಲ್ಟರ್ ಕೊಯ್ದು ಒಳಗಿನ ಮಡಿಕೆ ಬಿಡಿಸಿದೆ. ಬಿಸಿಲಿಗೆ ಅದರ ಮೇಲೆ ಕಬ್ಬಿಣದ ಪುಡಿ ಮಿನುಗಿತು.

“ನಾನೇ ಮಾಡಿದ್ದು” ಅಂದೆ, ತುಟಿ ಕಾಣುವ ಹಾಗೆ. “ನಿನ್ನ ಮುಖ ನೋಡಿ ಪಾಪ ಅನ್ನಿಸ್ತು.”

ಅವಳು ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಮಾತಾಡಿದಾಗ, ತನ್ನ ದನಿ ತನಗೇ ಕೇಳಿಸದ ಕಾರಣ, ಬೀದಿಗೆಲ್ಲ ಕೇಳಿಸುವ ಹಾಗೆ ಮಾತಾಡಿದಳು.

“ಪಾಪನಾ? ಯಾರು ಕೇಳಿದ್ರು ನಿನ್ನ ಪಾಪನ? ನಾನು ಬಾಯಿ ಬಿಟ್ಟು ಕೇಳಿದ್ನೇನೋ? ಆರು ವರ್ಷ ಕಾದೋಳು ಹದಿಮೂರು ನಿಮಿಷ ಕಾಯ್ತಿರ್ಲಿಲ್ವಾ?”

“ನೀನು ಐಡ್ಲಿಂಗ್ ಕೇಳಿದ್ಯಲ್ಲ, ಅದಾದ್ರೂ...”

“ಕೇಳಿದ್ದು ಏನು ಗೊತ್ತಾ? ನನ್ನ ಎಂಜಿನ್ ತನ್ನನ್ನೇ ತಿನ್ಕೊಳ್ಳೋ ಸದ್ದು. ಅದನ್ನ ತಲೇಲಿ ಇಟ್ಕೊಂಡು ಆಸ್ಪತ್ರೆಗೆ ಹೋಗ್ಲಾ? ಅದು ಲೆಕ್ಕಕ್ಕಿಲ್ಲ. ಬಿಚ್ಚು.”

“ಗ್ಲೆನಿಸ್, ಪುಡಿ ಒಳಗೆಲ್ಲ ಹೋಗಿರತ್ತೆ. ಪೂರ್ತಿ ಬಿಚ್ಚಿ ತೊಳೀಬೇಕು. ಹೊಸ ಕ್ಯಾಮ್ ಬೇಕು. ಸ್ಟಾಥಿ ಮೂರು ವಾರದ ಮುಂಚೆ ಯಾರಿಗೂ ಕೊಡಲ್ಲ.”

“ಬಿಚ್ಚು ಅಂದೆ.”

ಭಾನುವಾರ ಸಂಜೆಯೊಳಗೆ ಎಂಜಿನ್ ಹೊರಬಂದು, ನನ್ನ ಹಿತ್ತಲಿನ ಮೇಜಿನ ಮೇಲೆ ನೂರು ತುಂಡಾಗಿ ಹರಡಿಕೊಂಡಿತು.

ಸ್ಟಾಥಿ ಅಂದರೆ ಕ್ಯಾಮುಗಳನ್ನು ಸಾಣೆ ಹಿಡಿದು ಮಾಡಿಕೊಡುವ ಗ್ರೀಕ್ ಮುದುಕ. ಅವನ ಹತ್ತಿರ ಇರುವ ಯಂತ್ರ ಅವನಿಗಿಂತ ಹಳೆಯದು, ಅವನಿಗಿಂತ ಮುಂಗೋಪಿ. ಸೋಮವಾರ ಬೆಳಗ್ಗೆ ಏಳಕ್ಕೆ ಅವನು ಬಾಗಿಲು ತೆಗೆಯುವಾಗ ಗ್ಲೆನಿಸ್ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪೇಸ್ಟಿಯ ತಟ್ಟೆ. ಹಿಂದೆ ತಲೆ ತಗ್ಗಿಸಿಕೊಂಡು ನಾನು. ಸ್ಟಾಥಿ ಹಾಳಾದ ಕ್ಯಾಮನ್ನು ಬೆಳಕಿಗೆ ಹಿಡಿದು, ಉಬ್ಬಿನ ಮೇಲೆ ಉಗುರಾಡಿಸಿದ.

“ಯಾವ ಕತ್ತೆ ಇಳಿಸಿದ್ದು?”

ಗ್ಲೆನಿಸ್ ನನ್ನ ಕಡೆ ಬೆರಳು ಮಾಡಿದಳು. ಸ್ಟಾಥಿ ನನ್ನನ್ನು ನೋಡಿದ, ಕ್ಯಾಮ್ ನೋಡಿದ, ಮತ್ತೆ ನನ್ನನ್ನು ನೋಡಿದ. “ನೀನಾ? ಗೋಡೆ ಮೇಲೆ ಬರ್ಕೊಂಡಿರೋ ನೀನಾ?” ಎಂದು ಬಗ್ಗಿ ಬಗ್ಗಿ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಅವಳಿಗೆ ಹೇಳಿದ, “ಅಮ್ಮಾ ತಾಯೀ, ಮೂರು ವಾರ ಆಗತ್ತೆ.”

“ಕೇಳಿಸ್ಲಿಲ್ಲ” ಅಂದಳು ಗ್ಲೆನಿಸ್.

ಅವನು ಎದುರಿಗೆ ಬಂದು ಮೂರು ಬೆರಳು ತೋರಿಸಿದ. “ಮೂರು. ವಾರ.”

“ನಂಗೆ ಕಿವಿ ಕೇಳಿಸಲ್ಲ” ಎಂದು ಅವಳು ಒಂದು ಡಬ್ಬ ಮಗುಚಿ ಹಾಕಿ, ಯಂತ್ರದ ಪಕ್ಕದಲ್ಲಿ ಕೂತಳು. ಹೆಣಿಗೆ ತೆಗೆದಳು. ಆ ದಿನ ಎಷ್ಟು ಸಲ ಅವನು ಬಂದು ವಿವರಿಸಿದರೂ ಇದೇ ಉತ್ತರ. ಕಾಗದದಲ್ಲಿ ಬರೆದು ತೋರಿಸಿದರೆ ಕನ್ನಡಕ ತಂದಿಲ್ಲ ಅಂದಳು, ಕನ್ನಡಕ ಮೂಗಿನ ಮೇಲೇ ಇತ್ತು. ಮಂಗಳವಾರ ಮತ್ತೆ ಹೋಗಿ ಕೂತಳು. ಬುಧವಾರ ಮಧ್ಯಾಹ್ನ ಸ್ಟಾಥಿ ನನಗೆ ಫೋನ್ ಮಾಡಿದ.

“ಬಂದು ತಗೊಂಡ್ಹೋಗು.”

“ಕ್ಯಾಮಾ?”

“ಎರಡನ್ನೂ.”

ಅದೇ ಅಳತೆಯ ಹೊಸ ಕ್ಯಾಮ್, ಹದಿನಾರು ಹೊಸ ಟ್ಯಾಪೆಟ್. ಟ್ಯಾಪೆಟ್‌ಗಳ ಡಬ್ಬದ ಮೇಲೆ ಅವನ ಕೈಬರಹದಲ್ಲಿ ನನ್ನ ಹೆಸರಿತ್ತು, ಹೆಸರಿನ ಕೆಳಗೆ ಎರಡು ಉದ್ದ ಕಿವಿಯ ಚಿತ್ರ.

ಫೆಬ್ರುವರಿ ಎಂದರೆ ನಮ್ಮಲ್ಲಿ ಸುಡುವ ಬೇಸಿಗೆ. ಮುಂದಿನ ನಾಲ್ಕು ದಿನ ಮರುಭೂಮಿಯ ಕಡೆಯಿಂದ ಬಡಗಣ ಗಾಳಿ ಬೀಸಿತು, ಒಲೆಯ ಬಾಯಿ ತೆರೆದ ಹಾಗೆ. ಬಿಸಿನೀರು, ಸೋಪು, ಬಾಟಲಿ ತೊಳೆಯುವ ಬ್ರಷ್ಷು ಹಿಡಿದು ಗ್ಲೆನಿಸ್ ಎಣ್ಣೆ ಹರಿಯುವ ಒಂದೊಂದು ತೂತನ್ನೂ ತಿಕ್ಕಿದಳು. ನಾನು ಇದು ಸಾಕು ಅಂದದ್ದನ್ನು ಮತ್ತೆ ತಿಕ್ಕಿದಳು. ಬಿಳಿ ಬಟ್ಟೆ ತೂರಿಸಿ, ಅದು ಬಿಳಿಯಾಗೇ ಹೊರಬರುವ ತನಕ ಬಿಡಲಿಲ್ಲ. ಟ್ಯಾಮ್ಸಿನ್ ಬಸ್ ನಿಲ್ಲಿಸಿ ಬಂದು, ಅಮ್ಮನ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ಗೆಣ್ಣುಗಳೆಲ್ಲ ಸಿಪ್ಪೆ ಎದ್ದಿದ್ದವು.

“ಕ್ಲೈವ್ ಅಂಕಲ್, ಇವಳಿಗೆ ಮಂಗಳವಾರ ಆಪರೇಷನ್ನು. ನೀವಾದ್ರೂ ಹೇಳಿ ಸ್ವಲ್ಪ.”

“ನಾನು ಬಾಯಿ ತೆಗೆಯೋ ಸ್ಥಿತೀಲಿ ಇದೀನೇನಮ್ಮ?” ಅಂದೆ.

ಟ್ಯಾಮ್ಸಿನ್ ನಿಟ್ಟುಸಿರು ಬಿಟ್ಟು ಒಂದು ಬ್ರಷ್ ಎತ್ತಿಕೊಂಡಳು.

ಭಾನುವಾರ ಎಂಜಿನ್ ಕಾರಿನೊಳಗೆ ಕೂತಿತು. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಎರಡನೇ ಚಾಲೂ. ಈ ಸಲ ಸಮಾರಂಭ ಇಲ್ಲ. ಗೇಟಿಗೆ ಬೀಗ. ಒಳಗೆ ನಾವು ಮೂರೇ ಜನ, ಜೊತೆಗೆ ನಲವತ್ತೆರಡು ಡಿಗ್ರಿ ಬಿಸಿಲು. ರೇಡಿಯೇಟರಿನ ಮುಂದೆ ದೊಡ್ಡ ಫ್ಯಾನು, ನೀರಿನ ಪೈಪು ಹಿಡಿದು ಟ್ಯಾಮ್ಸಿನ್. ನಾನು ಕಾರ್ಬುರೇಟರಿನ ಕಡೆ ಕೈ ಚಾಚಿದೆ.

ಗ್ಲೆನಿಸ್ ನನ್ನ ಮಣಿಕಟ್ಟಿಗೆ ಪಟ್ಟನೆ ಹೊಡೆದಳು. “ಅಲ್ಲಿ ಹೋಗಿ ಕೂತ್ಕೋ. ಕೈ ತೊಡೆ ಕೆಳಗೆ ಇಟ್ಕೋ. ನಿನ್ನ ಕೈ ಮೇಲೆ ನಂಗೆ ನಂಬಿಕೆ ಇಲ್ಲ.”

ಕೂತೆ. ಕೈ ತೊಡೆಯ ಕೆಳಗೇ ಇಟ್ಟುಕೊಂಡೆ. ಕೀಲಿ ತಿರುಗಿಸಿದ್ದು ಟ್ಯಾಮ್ಸಿನ್, ರೇಸ್ ಹಿಡಿದದ್ದು ಗ್ಲೆನಿಸ್. ಸೂಜಿ ಎರಡು ಸಾವಿರದ ಮುನ್ನೂರಕ್ಕೆ ಹೋಗಿ ನಿಂತಿತು. ಬೆಂಚಿನ ಮೇಲೆ ಅಡುಗೆಮನೆಯ ಗಡಿಯಾರ ಇಟ್ಟಿದ್ದಳು, ಕಣ್ಣು ಅದರ ಮೇಲೆ. ಐದು ನಿಮಿಷ. ಒಂಬತ್ತು. ಟಿಕ್ ಎನ್ನುವ ಸದ್ದಿಗೆ ನಾನು ಕಿವಿಗೊಟ್ಟು ಕೂತಿದ್ದೆ, ಹದಿನಾರೂ ಟ್ಯಾಪೆಟ್‌ಗಳು ಹೊಲಿಗೆ ಯಂತ್ರದ ಹಾಗೆ ಹದವಾಗಿ, ಸಮವಾಗಿ ನಡೆಯುತ್ತಿದ್ದವು. ಗ್ಲೆನಿಸ್‌ಳ ಗದ್ದದಿಂದ ಬೆವರು ತೊಟ್ಟಿಕ್ಕಿ ಬಿಸಿ ಲೋಹದ ಮೇಲೆ ಚುಂಯ್ ಎನ್ನುತ್ತಿತ್ತು. ತೋಳು ನಡುಗುತ್ತಿತ್ತು. ಆ ತೋಳನ್ನು ಬದಲಾಯಿಸಲೂ ಇಲ್ಲ ಅವಳು.

ಹದಿನೇಳನೇ ನಿಮಿಷಕ್ಕೆ ರೇಡಿಯೇಟರಿನ ಮೇಲಿನ ಹೋಸಿನಿಂದ ಬಿಸಿನೀರು ಪಿಚಕಾರಿಯ ಹಾಗೆ ಚಿಮ್ಮಿತು. ಅದರ ಕ್ಲಿಪ್ಪು ಸಡಿಲವಾಗಿತ್ತು. “ಅಮ್ಮಾ!” ಎಂದು ಟ್ಯಾಮ್ಸಿನ್ ಚೀರಿದ್ದು ಅವಳಿಗೆ ಕೇಳಿಸಲಿಲ್ಲ, ಹಬೆ ಕಂಡಿತು. ಕ್ಷಣವೂ ತಡೆಯದೆ ಇನ್ನೊಂದು ಕೈ ಬೀಸಿದಳು, ಆಫ್ ಎಂದು. ಟ್ಯಾಮ್ಸಿನ್ ಕೀಲಿ ತಿರುಗಿಸಿದಳು. ಎಂಜಿನ್ ಎರಡು ಸಾವಿರದ ಮುನ್ನೂರರಿಂದ ನೇರ ಮೌನಕ್ಕೆ ಬಂತು, ಸ್ಲೋಗೆ ಒಂದು ಗಳಿಗೆಯೂ ಇಳಿಯಲಿಲ್ಲ. ನಾನಾಗಿದ್ದರೆ ಅಷ್ಟು ಚೊಕ್ಕವಾಗಿ ಮಾಡುತ್ತಿದ್ದೆನೋ ಇಲ್ಲವೋ.

ತಣಿಯಲು ಒಂದು ಗಂಟೆ ಬೇಕಾಯಿತು. ಕ್ಲಿಪ್ಪು ಬಿಗಿದು, ನೀರು ತುಂಬಿಸಿ, ಎದ್ದು ನಿಂತು ಅವಳ ಮುಖ ನೋಡಿದೆ. ಕೆಂಪಗೆ, ಸೋತು, ಉಪ್ಪು ಕಟ್ಟಿದ ಮುಖ. ನನಗೆ ಮತ್ತೆ ಅದೇ ರೋಗ ಬಂತು.

“ಹದಿನೇಳು ನಿಮಿಷ ಆಗಿದೆ ಕಣೇ. ಉಬ್ಬುಗಳು ಒಗ್ಗಿರ್ತವೆ. ಸಾಕು. ಈಗ ಸ್ಲೋಗೆ ಬಿಟ್ಟು ಕೇಳು.”

ಅವಳು ನನ್ನ ತಲೆಯ ಮೇಲಿನ ಗೋಡೆಯನ್ನು ತೋರಿಸಿದಳು. ನಾನು ತಿರುಗಿ ನೋಡುವ ಅಗತ್ಯ ಇರಲಿಲ್ಲ.

“ಎಷ್ಟು ಅಂತ ಬರ್ದಿದೆ?”

“ಇಪ್ಪತ್ತು.”

“ಯಾರು ಬರ್ದಿದ್ದು?”

“ನಾನೇ.”

“ಹಂಗಾದ್ರೆ ಕೂತ್ಕೋ.”

ಮತ್ತೆ ಚಾಲೂ, ಮತ್ತೆ ನೇರ ಮೇಲಕ್ಕೆ. ಮೂರು ನಿಮಿಷ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಮೂರು ನಿಮಿಷ ಬೇರೆ ಇಲ್ಲ. ಗಡಿಯಾರದ ಮುಳ್ಳು ಮುಟ್ಟಬೇಕಾದಲ್ಲಿ ಮುಟ್ಟಿತು, ಅವಳು ಇನ್ನೂ ಹತ್ತು ಸೆಕೆಂಡು ಹಿಡಿದಳು. ನನಗೆ ಬುದ್ಧಿ ಕಲಿಸುವುದಕ್ಕೇ ಹಿಡಿದದ್ದು. ಆಮೇಲೆ ನಿಧಾನವಾಗಿ ಬೆರಳು ಸಡಿಲಿಸಿದಳು.

ಎಂಜಿನ್ ಇಳಿಯಿತು, ಇನ್ನಷ್ಟು ಇಳಿಯಿತು, ಇನ್ನೇನು ನಿಂತೇಹೋಯಿತು ಎನ್ನುವಲ್ಲಿ ತಡವರಿಸಿ ಹಿಡಿದುಕೊಂಡಿತು. ಡಬ್... ಡಬಡಬ್... ಡಬ್. ಡಬ್... ಡಬ್... ಡಬಡಬ್. ಬೆಂಚಿನ ಮೇಲಿನ ಸ್ಪ್ಯಾನರುಗಳು ಜರುಗತೊಡಗಿದವು. ಸಾಸಿವೆ ಬಣ್ಣದ ಕಾರು ನಿಂತಲ್ಲೇ ಹೆಗಲು ಕುಣಿಸಿತು. ಗ್ಲೆನಿಸ್ ಬಗ್ಗಿ, ಬಲಗಿವಿಯನ್ನು ತಗಡಿಗೇ ಒತ್ತಿ, ಕಣ್ಣು ಮುಚ್ಚಿದಳು. ಟ್ಯಾಮ್ಸಿನ್ ಏನೋ ಹೇಳಲು ಹೋದಳು, ನಾನು ಬೇಡವೆಂದು ತಲೆಯಾಡಿಸಿದೆ. ಎಷ್ಟು ಹೊತ್ತು ಹಾಗಿದ್ದಳೋ, ನಾನು ಗಡಿಯಾರ ನೋಡಲಿಲ್ಲ. ನನ್ನ ಕಣ್ಣಲ್ಲಿ ನೀರಿತ್ತು, ಬೆವರಲ್ಲ, ನೀರೇ.

ಅವಳು ಎದ್ದು, ತಾನೇ ಹೋಗಿ ಕೀಲಿ ತಿರುಗಿಸಿ ಆಫ್ ಮಾಡಿದಳು. ಕಿವಿಯ ಮೇಲೆ ತಗಡಿನ ಅಂಚಿನ ಗೆರೆ ಕೆಂಪಗೆ ಮೂಡಿತ್ತು.

“ಆಯ್ತು, ಕೇಳ್ದೆ” ಅಂದಳು. “ನಾಳೆ ಎಷ್ಟು ಗಂಟೆಗೆ ಹೊರಡ್ಬೇಕು?”

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರ್ ಹೇಳಿದ್ದ ಹಾಗೆ ದಪ್ಪ ಸದ್ದು ಹೋಯಿತು. ಕೆಲವು ವಾರದ ನಂತರ ಕಿವಿಯ ಹಿಂದಿನ ಯಂತ್ರ ಚಾಲೂ ಮಾಡಿದರು. ಅವತ್ತೇ ನನ್ನ ಶೆಡ್ಡಿಗೆ ಬಂದು ಕಾರು ಚಾಲೂ ಮಾಡಿ ಕೇಳಿ, ಎರಡೇ ನಿಮಿಷಕ್ಕೆ ನಿಲ್ಲಿಸಿದಳು. “ಬಕೆಟ್ಟಲ್ಲಿ ಮೊಳೆ ಅಲ್ಲಾಡಿಸಿದ ಹಾಗಿದೆ” ಎಂದಷ್ಟೇ ಹೇಳಿ ಮನೆಗೆ ಹೋದಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೆ ಅವಳು ಮಾರನೆಯ ದಿನ ಬಂದಳು. ಅದರ ಮಾರನೆಯ ದಿನವೂ ಬಂದಳು. ದಿನಕ್ಕೆ ಹತ್ತು ನಿಮಿಷ ಡಬ್ಬದ ಮೇಲೆ ಕೂತು, ಐಡ್ಲಿಂಗ್ ಬಿಟ್ಟು, ಪಾಠ ಕಲಿಯುವ ಹಾಗೆ ಕೇಳಿದಳು. ಮನೆಯಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಹಾಗೇ ಕೇಳುತ್ತಿದ್ದಳಂತೆ. ಮೊದಲು ಅರ್ಥವಾದ ಮಾತು ‘ಬಿಸ್ಕತ್ತು’.

ಸೆಪ್ಟೆಂಬರಿನ ಒಂದು ಬೆಳಗ್ಗೆ ನಾನು ಬೇರೊಂದು ಎಂಜಿನ್ನಿನೊಳಗೆ ತಲೆ ಹಾಕಿಕೊಂಡಿದ್ದೆ. ಅವಳ ಕಾರು ಪಕ್ಕದಲ್ಲಿ ಕುಂಟುತ್ತಿತ್ತು.

“ಕ್ಲೈವ್, ಈ ಟಿಕ್ ಟಿಕ್ ಏನೋ ಇದು?”

ನಾನು ತಲೆ ಎತ್ತಿದೆ. “ನಿಂಗೆ ಕೇಳಿಸ್ತಿದ್ಯಾ?”

“ಇಷ್ಟು ಜೋರಾಗಿದೆ, ಕೇಳಿಸ್ದೆ ಏನು? ಮೊದಲಿಂದ್ಲೂ ಇತ್ತಾ ಇದು?”

“ಟ್ಯಾಪೆಟ್ ಸದ್ದು. ಮೊದಲಿಂದ್ಲೂ ಇದೆ. ಹಂಗೇ ಇರ್ಬೇಕು ಅದು” ಅಂದೆ, ಮತ್ತೆ ತಲೆ ಬಗ್ಗಿಸಿ, ತುಟಿ ಕಾಣದ ಹಾಗೆ.

“ಮತ್ತೆ ಯಾಕೋ ಹೇಳ್ಲಿಲ್ಲ ಇಷ್ಟು ದಿನ?” ಎಂದು ಗದರಿ, ತಲೆ ಓರೆ ಮಾಡಿ ಮತ್ತೆ ಕೇಳಿದಳು. “ಆದ್ರೆ ಎಲ್ಲ ಒಂದೇ ಥರ ಇಲ್ಲ. ಈ ಕಡೆ, ಹಿಂದಿಂದ ಎರಡ್ನೇದು. ಅದು ಸ್ವಲ್ಪ ಜಾಸ್ತಿ ಬಡೀತಿದೆ.”

ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ, ಮೂವತ್ತು ವರ್ಷದ ಕಿವಿ ನನ್ನದು. ನಕ್ಕೆ. ಅವಳು ನಗಲಿಲ್ಲ, ಸ್ಪ್ಯಾನರ್ ತಂದು ಕೈಗೆ ಕೊಟ್ಟಳು. ಎಂಜಿನ್ ನಿಲ್ಲಿಸಿ, ಮುಚ್ಚಳ ಬಿಚ್ಚಿ, ಸಂದಿ ಅಳೆಯುವ ಫೀಲರ್ ಗೇಜಿನ ತೆಳು ಎಲೆಯನ್ನು ಒಂದೊಂದೇ ಸಂದಿಗೆ ತೂರಿಸುತ್ತ ಹೋದೆ. ಹದಿನೈದು ಸರಿಯಾಗಿದ್ದವು. ಹಿಂದಿನಿಂದ ಎರಡನೆಯದು ಒಂದು ಎಳೆಯಷ್ಟು ಸಡಿಲವಿತ್ತು.

ಗೇಜನ್ನು ಅವಳ ಕೈಗೆ ಕೊಟ್ಟೆ. ಅವಳು ಬಿಗಿದಳು, ಮುಚ್ಚಳ ಹಾಕಿದಳು, ಕಾರು ಚಾಲೂ ಮಾಡಿದಳು. ಎಂಜಿನ್ ತಡವರಿಸಿ, ಹಿಡಿದುಕೊಂಡು, ಕುಂಟತೊಡಗಿತು. ಅವಳು ಒಂದು ಅಂಗೈಯನ್ನು ತಗಡಿನ ಮೇಲಿಟ್ಟು, ಸ್ವಲ್ಪ ಹೊತ್ತು ಕೇಳಿ, ನನ್ನ ಕಡೆ ಬೆನ್ನು ಮಾಡಿಕೊಂಡೇ ಹೇಳಿದಳು.

“ಇನ್ಮೇಲೆ ಮೀಸೆ ಬಿಡ್ಕೋ ಹೋಗು.”